ಏಸಾ ನಿಂತ ಬದಿ

ಆ ಚಿತ್ರ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಪೂರ್ವದ ಯಾವುದೋ ದೊಡ್ಡ ಊರಿನಲ್ಲಿ, ಯಾರದೋ ಮನೆಯ ಗೋಡೆಯ ಮೇಲೆ ಇರಬೇಕು. ಆದರೆ ಒಂದು ವಸಂತದಲ್ಲಿ ಅದು ನಮ್ಮ ದೋಣಿಕಟ್ಟೆಯ ಮನೆಯೊಳಗೆ, ಹಿಟ್ಟಿನ ಪೀಪಾಯಿಯ ಮೇಲೆ, ಗೋಡೆಗೆ ಒರಗಿಕೊಂಡು ಕೆಲವು ದಿನ ನಿಂತಿತ್ತು. ಹಿಟ್ಟು ಬೇಕಾದಾಗಲೆಲ್ಲ ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಮಂಚದ ಮೇಲಿಟ್ಟು, ಹಿಟ್ಟು ತೆಗೆದುಕೊಂಡು, ಮತ್ತೆ ಎತ್ತಿ ಅಲ್ಲೇ ಇಡುತ್ತಿದ್ದೆ. ಹಾಗಾಗಿ ಅದರಲ್ಲಿ ಏನೇನಿತ್ತು ಅನ್ನುವುದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಿಸೌರಿ ಹೊಳೆ ಅದರಲ್ಲಿ ಇದ್ದ ಹಾಗೇ ಇತ್ತು, ಕಲಸಿದ ಮಣ್ಣಿನ ಬಣ್ಣದಲ್ಲಿ. ನಮ್ಮ ಚಪ್ಪಟೆ ದೋಣಿ ಇತ್ತು. ಅದರ ಮುರಿದ ಕಟಕಟೆಗೆ ನನ್ನ ಗಂಡ ಓರಿನ್ ಸುತ್ತಿದ್ದ ಹಗ್ಗವನ್ನೂ ಬಿಟ್ಟಿರಲಿಲ್ಲ. ದಡದ ಏರಿನಲ್ಲಿ ಒಂದು ಬಂಡಿ. ಬಂಡಿಯ ಮೇಲಿನ ಬಿಳಿ ಬಟ್ಟೆ ಹರಿದ ಕಡೆ ಹೆಂಗಸರ ನೀಲಿ ಲಂಗದ ತುಂಡಿನ ತೇಪೆ. ಬಂಡಿಯ ಮುಂಭಾಗದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹೆಂಗಸು. ಮುಂದೆ ಎರಡು ಎತ್ತು, ಒಂದು ಕೆಂಪನೆಯದು, ಇನ್ನೊಂದು ಮೈಮೇಲೆ ಕಪ್ಪು ಪಟ್ಟೆಗಳಿದ್ದದ್ದು, ಮಂಡಿ ಬಗ್ಗಿಸಿ ಏರು ಹತ್ತುತ್ತಿವೆ. ಅವುಗಳ ಪಕ್ಕದಲ್ಲಿ ತೆಳ್ಳನೆಯ ಗಂಡಸು, ಕೈಯಲ್ಲಿ ಕೋಲು. ಬಾಯಿ ಸ್ವಲ್ಪ ತೆರೆದಿದೆ. ಎತ್ತುಗಳಿಗೆ ಏನೋ ಹೇಳುತ್ತಿದ್ದಾನೆ.

ಅವನು ಏಸಾ ಪ್ರೂಯಿಟ್. ಬಂಡಿಯಲ್ಲಿ ಕೂತವಳು ಅವನ ಹೆಂಡತಿ ಡೆಲ್ಫಾ. ಚಿತ್ರ ನಮ್ಮ ಮನೆಗೆ ಬರುವ ಹೊತ್ತಿಗೆ ಏಸಾ ಸತ್ತು ಒಂದು ಚಳಿಗಾಲ ಕಳೆದಿತ್ತು.

ಹಿಂದಿನ ಬೇಸಿಗೆಯಲ್ಲಿ ಅವರು ಒಹಾಯೋದಿಂದ ಬಂದು ನಮ್ಮ ದೋಣಿಯಲ್ಲೇ ಹೊಳೆ ದಾಟಿದ್ದರು. ಆ ವರ್ಷ ಬಂಡಿಗಳು ಇರುವೆ ಸಾಲಿನ ಹಾಗೆ ಬರುತ್ತಿದ್ದವು. ಎತ್ತುಗಳ ಗುರುತು ನನಗೆ ಉಳಿಯುತ್ತಿರಲಿಲ್ಲ. ಜನರನ್ನು ಮಾತ್ರ ಅವರು ಕಾಫಿ ಕುಡಿಯುವ ರೀತಿಯಿಂದ ನೆನಪಿಟ್ಟುಕೊಳ್ಳುತ್ತಿದ್ದೆ. ಏಸಾ ನಾನು ಇಟ್ಟ ಹಿಡಿಯಿದ್ದ ತಗಡಿನ ಲೋಟವನ್ನು ಅರ್ಧ ಸುತ್ತು ತಿರುಗಿಸಿಕೊಂಡು, ಊದಿ ಊದಿ ಕುಡಿದು, ‘ಅಕ್ಕ, ಇದ್ರಲ್ಲಿ ಕಾಫಿ ಯಾವ್ದು, ಹುರಿದ ಜೋಳ ಯಾವ್ದು ಹೇಳಿ, ಜೋಳ ಬಿಟ್ಟು ಕಾಫಿ ಮಾತ್ರ ಕುಡೀತೀನಿ’ ಎಂದಿದ್ದ. ಆಗ ನಮ್ಮಲ್ಲೇ ಉಳಿದುಕೊಂಡಿದ್ದ ಲಿಂಡ್ ಎಂಬ ಚಿತ್ರಗಾರ, ಅವರ ಜೊತೆ ದೋಣಿಯಲ್ಲೇ ದಾಟಿ, ಅವರ ಬಂಡಿ ಆಚೆ ದಡ ಹತ್ತುವುದನ್ನು ಸೀಸದ ಕಡ್ಡಿಯಿಂದ ಗೀಚಿಕೊಂಡು, ಚಳಿ ಬರುವ ಮೊದಲು ಕೆಳಗಿನ ಊರಿಗೆ ಹೊರಟುಹೋದ.

ಪ್ರೂಯಿಟ್ ದಂಪತಿ ಬೇರೆಯವರ ಹಾಗೆ ಪಶ್ಚಿಮಕ್ಕೆ ಮುಂದುವರಿಯಲಿಲ್ಲ. ಹೊಳೆಯಾಚೆ ಅರ್ಧ ದಿನದ ದಾರಿಯಲ್ಲಿ, ಒಂದು ತೊರೆಯ ಪಕ್ಕ ನೆಲ ಹಿಡಿದು, ಹುಲ್ಲುಬೇರಿನ ಹೆಂಟೆಗಳನ್ನು ಪೇರಿಸಿ ಮನೆ ಕಟ್ಟಿಕೊಂಡರು. ಎಲೆ ಉದುರುವ ಕಾಲಕ್ಕೆ ಇಬ್ಬರಿಗೂ ನಡುಗು ಜ್ವರ ಬಂತು. ಡೆಲ್ಫಾ ಎದ್ದಳು, ಏಸಾ ಏಳಲಿಲ್ಲ. ಅವಳು ಹಾಸಿಗೆಯಲ್ಲಿದ್ದಾಗಲೇ ಎತ್ತುಗಳು ಮೇಯುತ್ತ ಮೇಯುತ್ತ ಎಲ್ಲೋ ಹೋಗಿಬಿಟ್ಟವು. ದಾರಿಹೋಕರೊಬ್ಬರ ಎತ್ತು ಕಟ್ಟಿ ಅವಳ ಬಂಡಿಯಲ್ಲೇ ಕರೆತಂದು, ಚಳಿಗಾಲವೆಲ್ಲ ನಾನೂ ಓರಿನ್ನೂ ಅವಳನ್ನೂ ಕೂಸನ್ನೂ ನಮ್ಮ ಮನೆಯಲ್ಲಿಟ್ಟುಕೊಂಡೆವು.

ಎತ್ತು ಇಲ್ಲದೆ ಆ ನೆಲ ಉಳುವ ಹಾಗಿರಲಿಲ್ಲ. ಹುಲ್ಲಿನ ಬೇರು ಮೊಣಕೈಯಷ್ಟು ಆಳ ಹೆಣೆದುಕೊಂಡ ನೆಲ ಅದು. ಆ ವಸಂತದಲ್ಲಿ ಉತ್ತು ಜೋಳ ಹಾಕದಿದ್ದರೆ ನೆಲ ಕೈಬಿಟ್ಟು ಬೇರೆಯವರ ಪಾಲಾಗುತ್ತಿತ್ತು. ಆಮೇಲೆ ಅವಳಿಗಿದ್ದದ್ದು ಒಹಾಯೋದಲ್ಲಿ ಏಸಾನ ಅಣ್ಣನ ಮನೆ ಒಂದೇ. ಆ ಮನೆಯಲ್ಲಿ ಅವಳು ಏನಾಗಿರುತ್ತಾಳೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

‘ಅಡುಗೆಮನೇಲಿ ಒಲೆ ಹಿಂದೆ ಹಾಸಿಗೆ ಹಾಕ್ತಾರೆ ಅಕ್ಕ,’ ಎಂದಳು ಒಂದು ದಿನ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ. ‘ಬೆಚ್ಚಗಾದ್ರೂ ಇರುತ್ತೆ.’

ಹಿಮ ಕರಗಿ ದೋಣಿ ಮತ್ತೆ ನಡೆಯಲು ಶುರುವಾದ ಮೇಲೆ, ಕೆಳದಂಡೆಯ ಹೈರಮ್ ಸ್ಟಗ್ಸ್ ಬಂಡಿ ಹೊಡೆದುಕೊಂಡು ಬಂದ. ಹೊಡೆದುಕೊಂಡು ಬಂದ ಅನ್ನುವುದಕ್ಕಿಂತ ಬಂಡಿಯ ಹಿಂದೆ ಓಡಿಕೊಂಡು ಬಂದ ಅನ್ನಬೇಕು. ಅವನ ಎತ್ತುಗಳು ದೋಣಿಯ ಕಡೆ ಬರುವ ಬದಲು ನಾನು ಒಣಹಾಕಿದ್ದ ಬಟ್ಟೆಗಳ ಕಡೆ ಹೋದವು.

‘ಇವಕ್ಕೆ ಸೈತಾನ ಹೊಕ್ಕಿದ್ದಾನೆ ಓರಿನ್,’ ಎಂದ ಹೈರಮ್ ಏದುಸಿರು ಬಿಡುತ್ತ. ‘ಏನು ಹೇಳಿದ್ರೂ ಉಲ್ಟಾ ಮಾಡ್ತವೆ. ನಿಂತ್ಕೊಳ್ಳಿ ಅಂದ್ರೆ ಮಾತ್ರ ನಿಂತ್ಕೊತವೆ, ಅದೂ ಸುಸ್ತಾಗಿ.’

‘ನಿನ್ನ ಮುಖ ನೋಡಿರ್ತವೆ ಬಿಡು,’ ಎಂದ ಓರಿನ್.

ಬಟ್ಟೆ ಬಿಡಿಸಿಕೊಳ್ಳಲು ನನ್ನ ಜೊತೆ ಹೊರಗೆ ಬಂದ ಡೆಲ್ಫಾ ಅಲ್ಲೇ ನಿಂತುಬಿಟ್ಟಳು. ಕೆಂಪು ಎತ್ತಿನ ಹತ್ತಿರ ಹೋಗಿ ಅದರ ಕೊರಳ ಮೇಲೆ ಕೈಯಿಟ್ಟಳು.

‘ಇವು ನಮ್ಮವು,’ ಎಂದಳು.

ಹೈರಮ್ ಒರಟನೇ ಹೊರತು ಕಳ್ಳನಲ್ಲ. ಕ್ಯಾಲಿಫೋರ್ನಿಯಾ ದಾರಿ ಹಿಡಿದಿದ್ದ ಯಾರೋ ಒಬ್ಬನಿಗೆ ತನ್ನ ಹೆಣ್ಣುಕುದುರೆಯನ್ನೂ ಬಂದೂಕನ್ನೂ ಕೊಟ್ಟು ಇವನ್ನು ತೆಗೆದುಕೊಂಡಿದ್ದ. ಅವನಿಗೂ ಬೇರೆ ಎತ್ತಿರಲಿಲ್ಲ. ಎತ್ತುಗಳ ಮೈಮೇಲೆ ಮುದ್ರೆ ಇರಲಿಲ್ಲ. ಕಾಸಿದ ಕಬ್ಬಿಣ ಇಡಲು ಏಸಾನಿಗೆ ಮನಸ್ಸು ಬಂದಿರಲಿಲ್ಲವಂತೆ. ಇಬ್ಬರೂ ಮಾತಿಗೆ ಮಾತು ಬೆಳೆಸಿ, ಕೊನೆಗೆ ಸ್ಕ್ವೈರ್ ಟಿಬೆಟ್ಸ್ ಬರಲಿ ಎಂದಾಯಿತು. ಸ್ಕ್ವೈರ್ ಎಂದರೆ ನಮ್ಮ ಕಡೆ ನ್ಯಾಯ ಹೇಳುತ್ತಿದ್ದ ಮುದುಕ; ಉಳಿದ ದಿನಗಳಲ್ಲಿ ಬಂಡಿಚಕ್ರ ಮಾಡುತ್ತಿದ್ದ.

ಅವನು ಬರುವ ಮೊದಲೇ ಆ ವರ್ಷದ ಮೊದಲ ಉಗಿಹಡಗು ಬಂತು. ಮೇಲಿನ ಕೋಟೆಯವರೆಗೆ ಹೋಗಿ ಅದು ತಿರುಗಿ ಬರುವಾಗ ಡೆಲ್ಫಾ ಹತ್ತಬೇಕು, ಎತ್ತು ಸಿಗದಿದ್ದರೆ. ಅವಳು ಆಗಲೇ ಪೆಟ್ಟಿಗೆ ತುಂಬಿ, ಹಗ್ಗ ಬಿಗಿದು, ಬಾಗಿಲ ಪಕ್ಕ ಇಟ್ಟಿದ್ದಳು. ಆ ಹಡಗಿನಿಂದ ನಮ್ಮ ಕಟ್ಟೆಯಲ್ಲಿ ಇಳಿದವನು ಲಿಂಡ್ ಒಬ್ಬನೇ. ಬಗಲಲ್ಲಿ ಕಂಬಳಿ ಸುತ್ತಿದ ಚಿತ್ರ, ಕೈಯಲ್ಲಿ ಬಣ್ಣದ ಡಬ್ಬಿ.

ಲಿಂಡ್ ಎತ್ತರದ ಮನುಷ್ಯ. ಬಾಗಿಲಲ್ಲಿ ಬರುವಾಗಲೆಲ್ಲ ತಲೆ ಬಗ್ಗಿಸುತ್ತಿದ್ದ, ಒಳಗೆ ಬಂದ ಮೇಲೆ ಅದನ್ನು ಎತ್ತಲು ಮರೆತುಬಿಡುತ್ತಿದ್ದ. ಚಿತ್ರವನ್ನು ಪೀಪಾಯಿಯ ಮೇಲೆ ನಿಲ್ಲಿಸಿ ಬಂದ ಕಾರಣ ಹೇಳಿದ.

‘ಗಿರಾಕಿ ಇದನ್ನ ತಗೊಳ್ಳಲ್ಲ ಅಂತಿದ್ದಾರೆ. ಎರಡು ತಿದ್ದುಪಡಿ ಬೇಕಂತೆ. ಒಂದು, ಗುಡ್ಡದ ತುದೀಲಿ ಗರಿ ಸಿಕ್ಕಿಸ್ಕೊಂಡ ಇಂಡಿಯನ್ನರು ನಿಂತು ನೋಡ್ತಿರ್ಬೇಕು.’

‘ಆಚೆ ದಡದ ಇಂಡಿಯನ್ನರು, ಆ ಓಟೋ ಕುಲದೋರು, ಬಂದ್ರೆ ಉಪ್ಪಿಗೆ ಬರ್ತಾರೆ, ತಗೊಂಡು ಹೋಗ್ತಾರೆ,’ ಎಂದೆ ನಾನು. ‘ಗುಡ್ಡದ ಮೇಲೆ ಸುಮ್ನೆ ನಿಂತ್ಕೊಳ್ಳೋಕೆ ಅವರಿಗೇನು ಮನೇಲಿ ಕೆಲಸ ಇಲ್ವಾ?’

‘ಅದಕ್ಕೆ ನಾನೂ ಆಗಲ್ಲ ಅಂದೆ ಅಮ್ಮ. ಎರಡನೇದು ಹಾಗಲ್ಲ.’ ಅವನು ಚಿತ್ರದಲ್ಲಿ ಏಸಾನನ್ನು ತೋರಿಸಿದ. ‘ಇವನು ತಪ್ಪು ಬದೀಲಿ ನಿಂತಿದ್ದಾನಂತೆ.’

ಓರಿನ್ ಬಗ್ಗಿ ನೋಡಿದ. ನಾನೂ ನೋಡಿದೆ. ನೋಡಿದ ಮೇಲೆ ಇಬ್ಬರಿಗೂ ನಗು ಬಂತು.

ಎತ್ತು ಹೊಡೆಯುವವನು ಎತ್ತುಗಳ ಎಡಗಡೆ ನಡೆಯುತ್ತಾನೆ, ಬಲಗೈಯಲ್ಲಿ ಕೋಲು ಹಿಡಿದು. ನನ್ನ ಅಪ್ಪ ಹಾಗೆ ನಡೆದ, ಅವನ ಅಪ್ಪ ಹಾಗೆ ನಡೆದ. ಹಾ ಅಂದರೆ ಎಡಕ್ಕೆ, ಜೀ ಅಂದರೆ ಬಲಕ್ಕೆ; ನಮ್ಮ ಕಡೆ ಮಕ್ಕಳು ಅಮ್ಮ ಅನ್ನುವುದರ ಜೊತೆಗೇ ಆ ಎರಡು ಮಾತು ಕಲಿಯುತ್ತವೆ. ಚಿತ್ರದಲ್ಲಿ ಏಸಾ ಎತ್ತುಗಳ ಬಲಗಡೆ ಇದ್ದ. ಕೋಲು ಎಡಗೈಯಲ್ಲಿತ್ತು.

‘ಲಿಂಡ್ ಅಣ್ಣ,’ ಎಂದ ಓರಿನ್, ‘ಹೊಳೆ ಚೆನ್ನಾಗಿದೆ, ದೋಣಿ ಚೆನ್ನಾಗಿದೆ, ನನ್ನ ಹಗ್ಗದ ಗಂಟು ಕೂಡ ಸರಿಯಾಗಿದೆ. ಆದ್ರೆ ಈ ಬಂಡಿ ಸೀದಾ ಹೊಳೆಗೇ ಹೋಗುತ್ತೆ.’

‘ಎಲ್ಲರೂ ಹೀಗೇ ನಗ್ತಾರೆ,’ ಎಂದ ಲಿಂಡ್. ‘ನಾನು ಕಂಡ ಹಾಗೇ ಬರೆದೆ ಅಂದ್ಕೊಂಡಿದ್ದೆ. ಅಷ್ಟು ಜನ ನಕ್ಕ ಮೇಲೆ ನನ್ನ ಕಣ್ಣಿನ ಮೇಲೇ ಅನುಮಾನ ಬಂದಿದೆ. ಕಾಣದ್ದನ್ನ ಬರೆಯೋನಲ್ಲ ನಾನು. ಅದೊಂದೇ ನನಗಿರೋ ಬಂಡವಾಳ. ಅದಕ್ಕೇ ಆ ಮನುಷ್ಯನನ್ನ ಇನ್ನೊಂದು ಸಲ ಎತ್ತಿನ ಪಕ್ಕ ನಿಲ್ಲಿಸಿ ನೋಡಿ, ಇದನ್ನ ಕೆರೆದು, ಸರಿಯಾದ ಕಡೆ ಬರೆಯೋಣ ಅಂತ ಬಂದೆ.’

ಏಸಾ ಇಲ್ಲ ಎನ್ನುವುದನ್ನು ನಾನೇ ಹೇಳಬೇಕಾಯಿತು. ಲಿಂಡ್ ಬಣ್ಣದ ಡಬ್ಬಿಯನ್ನು ಮಂಚದ ಕೆಳಗೆ ಸರಿಸಿಟ್ಟ.

ಸ್ವಲ್ಪ ಹೊತ್ತಿಗೆ ನೀರು ತರಲು ಹೋಗಿದ್ದ ಡೆಲ್ಫಾ ಒಳಗೆ ಬಂದಳು. ಬಿಂದಿಗೆ ಇಳಿಸಿ ತಿರುಗಿದವಳಿಗೆ ಪೀಪಾಯಿಯ ಮೇಲೆ ಗಂಡ ಕಂಡ. ಅವಳು ಅಳಲಿಲ್ಲ. ಹತ್ತಿರ ಹೋಗಿ ನೆಲದ ಮೇಲೆ ಕೂತಳು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಬೆರಳಿಟ್ಟು ತೋರಿಸುತ್ತ. ಅವಳ ಹತ್ತಿರ ಅವನ ಮುಖದ ಗುರುತು ಬೇರೆ ಯಾವುದೂ ಇರಲಿಲ್ಲ. ತಪ್ಪು ಬದಿಯ ವಿಷಯ ಅವಳ ಮುಂದೆ ಎತ್ತಬೇಡಿ ಎಂದು ನಾನು ಲಿಂಡ್‌ಗೂ ಓರಿನ್‌ಗೂ ಕಣ್ಣಲ್ಲೇ ಹೇಳಿದೆ. ಕೆರೆಯುವ ಕೆಲಸವನ್ನು ಲಿಂಡ್ ದಿನ ದಿನ ಮುಂದೆ ಹಾಕಿದ. ಅವಳು ಹೊರಟುಹೋಗಲಿ ಎಂದು ಕಾಯುತ್ತಿದ್ದನೇನೋ.

ಸ್ಕ್ವೈರ್ ಟಿಬೆಟ್ಸ್ ಬಂದ ದಿನ ಬೆಳಿಗ್ಗೆಯೇ ಬಿಸಿಲು ಚೆನ್ನಾಗಿತ್ತು. ಅಂಗಳದಲ್ಲಿ ಸೌದೆ ಒಡೆಯುವ ದಿಮ್ಮಿಯ ಮೇಲೆ ಅವನನ್ನು ಕೂರಿಸಿದೆವು. ಹೈರಮ್ ಎತ್ತುಗಳನ್ನು ನೊಗದಲ್ಲೇ ತಂದು ನಿಲ್ಲಿಸಿದ್ದ. ಹೊಳೆ ದಾಟಲು ಬಂದ ನಾಲ್ಕಾರು ಜನ ದೋಣಿ ಬಿಟ್ಟು ನ್ಯಾಯ ನೋಡಲು ನಿಂತರು.

‘ಇವು ನಿನ್ನವು ಅನ್ನೋಕೆ ಏನು ಗುರುತಮ್ಮ?’ ಎಂದು ಸ್ಕ್ವೈರ್ ಡೆಲ್ಫಾಳನ್ನು ಕೇಳಿದ.

‘ಕೆಂಪು ಎತ್ತಿನ ಕಿವಿ ಹರಿದಿದೆ.’

‘ಚಳಿಗಾಲ ಕಳೆದ ಮೇಲೆ ಕಿವಿ ನೆಟ್ಟಗಿರೋ ಎತ್ತು ತೋರ್ಸಿ, ನನ್ನ ಟೋಪಿ ಬೇಯಿಸ್ಕೊಂಡು ತಿಂತೀನಿ,’ ಎಂದ ಹೈರಮ್.

‘ನಿನ್ನನ್ನ ಕೇಳಲಿಲ್ಲ. ಹೆಸರೇನಾದ್ರೂ ಇಟ್ಟಿದ್ರಾ ತಾಯಿ?’

‘ಕೆಂಪ, ಪಟ್ಟೆ ಅಂತ ಕರೀತಿದ್ವಿ.’

‘ನಾನೂ ಹಾಗೇ ಕರೀತೀನಿ ಸ್ಕ್ವೈರ್,’ ಎಂದ ಹೈರಮ್. ‘ಕಣ್ಣಿರೋರೆಲ್ಲ ಹಾಗೇ ಕರೀತಾರೆ.’

ಜನ ನಕ್ಕರು. ನಾವು ಸಾಕ್ಷಿ ಹೇಳಬಹುದೇ ಎಂದು ಸ್ಕ್ವೈರ್ ನಮ್ಮ ಕಡೆ ತಿರುಗಿದ. ಓರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ‘ಇವೇ ಇರ್ಬಹುದು. ಆದ್ರೆ ಅವತ್ತು ದೋಣೀಲಿ ಹತ್ತು ಜೊತೆ ದಾಟಿಸಿದ್ದೆ. ಆಣೆ ಇಟ್ಟು ಹೇಳಲಾರೆ,’ ಎಂದ. ಆಣೆ ಇಟ್ಟು ಸುಳ್ಳು ಹೇಳುವ ಜನ ನಾವಲ್ಲ. ಅವತ್ತು ಮಾತ್ರ ಹೇಳಿಬಿಡೋಣ ಅನ್ನಿಸಿತ್ತು.

ಆಗ ಲಿಂಡ್ ಒಳಗೆ ಹೋಗಿ ಚಿತ್ರ ತಂದ. ಬಿಸಿಲಿನಲ್ಲಿ ಬಂಡಿಚಕ್ರಕ್ಕೆ ಒರಗಿಸಿ ನಿಲ್ಲಿಸಿದ. ಕೆಂಪು ಎತ್ತಿನ ಹರಿದ ಕಿವಿ, ಪಟ್ಟೆ ಎತ್ತಿನ ಮೂಗಿನ ಮೇಲಿನ ಬಿಳಿ ಚುಕ್ಕೆ, ಎಲ್ಲ ಅದರಲ್ಲಿತ್ತು. ಸ್ಕ್ವೈರ್ ಎದ್ದುಹೋಗಿ ಒಮ್ಮೆ ಚಿತ್ರ ನೋಡಿದ, ಒಮ್ಮೆ ಎತ್ತು ನೋಡಿದ. ನನ್ನ ಎದೆ ಸ್ವಲ್ಪ ಹಗುರಾಯಿತು.

‘ಸ್ಕ್ವೈರ್, ಹೊಡೆಯೋನು ಎಲ್ಲಿದ್ದಾನೆ ನೋಡ್ರಿ,’ ಎಂದ ಹೈರಮ್.

ಸ್ಕ್ವೈರ್ ನೋಡಿದ. ಹಿಂದೆ ನಿಂತಿದ್ದವರೂ ಬಗ್ಗಿ ನೋಡಿದರು. ಒಬ್ಬ ಶುರುಮಾಡಿದ ನಗು ಎಲ್ಲರಿಗೂ ಹತ್ತಿತು.

‘ಲಿಂಡ್ ಅವರೇ, ಮುಂದಿನ ಸಲ ಹೊಳೇನ ಗುಡ್ಡದ ಮೇಲೆ ಹರಿಸ್ಬಿಡಿ,’ ಎಂದ ಹೈರಮ್. ‘ಮನುಷ್ಯ ಎಲ್ಲಿ ನಿಲ್ತಾನೆ ಅಂತ ಗೊತ್ತಿಲ್ಲದೋರಿಗೆ ಎತ್ತಿನ ಮೂಗಿನ ಚುಕ್ಕೆ ಗೊತ್ತಾಯ್ತಂತೆ.’

ಸ್ಕ್ವೈರ್ ನಗಲಿಲ್ಲ. ಆದರೆ ಬಂದು ದಿಮ್ಮಿಯ ಮೇಲೆ ಮತ್ತೆ ಕೂತಾಗ ಅವನ ಮುಖ ಬೇರೆಯಾಗಿತ್ತು. ‘ಅವನು ಹೇಳೋದ್ರಲ್ಲಿ ನ್ಯಾಯ ಇದೆ. ಒಂದು ಕಡೆ ತಪ್ಪಿರೋ ಸಾಕ್ಷೀನ ಇನ್ನೊಂದು ಕಡೆ ಹೇಗೆ ನಂಬೋದು?’ ಎಂದ.

‘ಏನು ತಪ್ಪಿದೆ?’ ಎಂದಳು ಡೆಲ್ಫಾ.

ಅವಳು ಅಲ್ಲಿಯವರೆಗೆ ಜನ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದಳು.

‘ಹೊಡೆಯೋನು ಎಡಗಡೆ ಇರ್ಬೇಕು ಕಣಮ್ಮ. ಇದ್ರಲ್ಲಿ ನಿನ್ನ ಗಂಡ ಬಲಗಡೆ ಇದ್ದಾನೆ.’

‘ಅವನು ಅಲ್ಲೇ ನಿಲ್ತಿದ್ದ.’

‘ಯಾರೂ ಅಲ್ಲಿ ನಿಲ್ಲಲ್ಲ ತಾಯಿ.’

‘ಏಸಾ ನಿಲ್ತಿದ್ದ.’

ಸ್ಕ್ವೈರ್ ನನ್ನ ಕಡೆ ನೋಡಿದ, ದುಃಖದಲ್ಲಿರುವವರ ಬಗ್ಗೆ ಮಾತಾಡುವಾಗ ನೋಡುವ ಹಾಗೆ. ಆಮೇಲೆ ಮೆತ್ತಗೆ ಕೇಳಿದ, ‘ನೀನು ಎತ್ತು ಹೊಡೆದಿದ್ದೀಯಾ?’

‘ಇಲ್ಲ. ನಾನು ಪಟ್ಟಣದೋಳು. ಮದುವೆಗೆ ಮುಂಚೆ ಟೋಪಿ ಹೊಲೀತಿದ್ದೆ. ಬಂಡೀಲಿ ಕೂತು ನೋಡಿದ್ದಷ್ಟೇ.’

‘ಜೀ, ಹಾ ಅಂದ್ರೆ ಏನು ಅಂತಾದ್ರೂ ಗೊತ್ತಾ?’

‘ಗೊತ್ತು. ಹಾ ಅಂದ್ರೆ ಹತ್ರ ಬಾ. ಜೀ ಅಂದ್ರೆ ದೂರ ಹೋಗು.’

ಈ ಸಲ ನಗು ಜೋರಾಗಿಯೇ ಎದ್ದಿತು. ‘ಎಡ ಬಲ ಗೊತ್ತಿಲ್ಲ, ಎತ್ತು ಬೇಕಂತೆ,’ ಎಂದ ಯಾರೋ. ಡೆಲ್ಫಾಳ ಕಿವಿ ಕೆಂಪಾಯಿತು. ಆದರೂ ಅವಳು ಮಾತು ಬಿಡಲಿಲ್ಲ. ‘ಏಸಾ ಹಾಗೇ ಹೇಳ್ಕೊಟ್ಟಿದ್ದು. ನನ್ನನ್ನೂ ಹಾಗೇ ಕರೀತಿದ್ದ. ಒಲೆ ಮುಂದೆ ಜಾಗ ಬಿಟ್ಟು ಹಾ ಡೆಲ್ಫಾ ಅಂತಿದ್ದ. ಕೋಪ ಬಂದ್ರೆ ಜೀ ಅಂತಿದ್ದ.’

ನಗುತ್ತಿದ್ದವರಲ್ಲಿ ಮೊದಲು ಸುಮ್ಮನಾದವನು ಓರಿನ್.

‘ಯಾರ ಹತ್ರ ಬಾ ಅಂತ, ಡೆಲ್ಫಾ?’

‘ಹೊಡೆಯೋನ ಹತ್ರ.’

‘ಹೌದಲ್ವೇನ್ರಯ್ಯ,’ ಎಂದ ಓರಿನ್ ನಿಧಾನವಾಗಿ. ‘ನಾವು ಎಡಗಡೆ ನಿಂತು ಹಾ ಅಂದ್ರೆ ಎತ್ತು ಎಡಕ್ಕೆ ಬರುತ್ತೆ. ಅಂದ್ರೆ ನಮ್ಮ ಹತ್ರಾನೇ ಬರುತ್ತೆ. ಒಬ್ಬ ಬಲಗಡೆ ನಿಂತು ಕಲಿಸಿದ್ರೆ?’

ನನಗೆ ಆಗ ತಗಡಿನ ಲೋಟ ನೆನಪಾಯಿತು. ಹಿಡಿ ಬಲಗಡೆಗಿರಲಿ ಎಂದು ನಾನು ಇಟ್ಟದ್ದು, ಅವನು ಅರ್ಧ ಸುತ್ತು ತಿರುಗಿಸಿಕೊಂಡದ್ದು.

‘ಡೆಲ್ಫಾ, ಏಸಾ ಎಡಚನಾ?’ ಎಂದು ಕೇಳಿದೆ.

‘ಹೌದಕ್ಕ. ಯಾಕೆ?’

ಅವಳಿಗೆ ಅದು ಹೇಳಬೇಕಾದ ವಿಷಯ ಎಂದೇ ಅನ್ನಿಸಿರಲಿಲ್ಲ. ಗಂಡ ಯಾವ ಕೈಯಲ್ಲಿ ಚಮಚ ಹಿಡಿಯುತ್ತಾನೆ ಎಂದು ಯಾರು ಯಾರಿಗೆ ಹೇಳುತ್ತಾರೆ?

ಓರಿನ್ ಹೈರಮ್ ಕಡೆ ತಿರುಗಿದ. ‘ಅವತ್ತು ನಮ್ಮ ಬಟ್ಟೆ ಹಗ್ಗದ ಹತ್ರ ಏನಂದೆ ನೀನು? ಈ ಎತ್ತು ಏನು ಮಾಡ್ತವೆ ಅಂದೆ?’

ಹೈರಮ್ ಕೋಲಿನ ತುದಿಯಿಂದ ನೆಲ ಕೆದಕಿದ.

‘ಹೇಳಪ್ಪ,’ ಎಂದ ಸ್ಕ್ವೈರ್.

‘ಏನು ಹೇಳಿದ್ರೂ ಉಲ್ಟಾ ಮಾಡ್ತವೆ ಅಂದೆ.’

‘ಹೊಡೆದು ತೋರ್ಸು.’

ಹೈರಮ್ ಎತ್ತುಗಳ ಎಡಗಡೆ ಹೋಗಿ ಬಲಗೈಯಲ್ಲಿ ಕೋಲೆತ್ತಿ ‘ಹಾ’ ಎಂದ. ಎರಡೂ ಎತ್ತು ಒಟ್ಟಿಗೆ ಬಲಕ್ಕೆ ತಿರುಗಿ ನಾನು ಸಾಬೂನು ಕಾಯಿಸುವ ಕೊಪ್ಪರಿಗೆಯ ಕಡೆ ಹೊರಟವು. ‘ನಿಲ್ರೋ’ ಎಂದು ಕೂಗಿ, ಓಡಿ ಮತ್ತೆ ಅವುಗಳ ಎಡಪಕ್ಕಕ್ಕೆ ಬಂದು, ‘ಜೀ’ ಎಂದ. ಅವು ಎಡಕ್ಕೆ ತಿರುಗಿ ಸೀದಾ ಅವನ ಮೈಮೇಲೆ ಬಂದವು. ಕೋಲು ಬಿಸಾಕಿ ಹಿಂದಕ್ಕೆ ನೆಗೆಯದಿದ್ದರೆ ಪಾದ ಚಟ್ನಿಯಾಗುತ್ತಿತ್ತು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಡೆಲ್ಫಾಳನ್ನು ನೋಡುತ್ತಿದ್ದರು.

ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಬಿದ್ದಿದ್ದ ಕೋಲನ್ನು ಎತ್ತಿಕೊಂಡು, ಒಂದು ಸಲ ಚಿತ್ರದ ಕಡೆ ನೋಡಿ, ಎಡಗೈಗೆ ಬದಲಾಯಿಸಿಕೊಂಡಳು. ಸುತ್ತಿ ಹೋಗಿ ಎತ್ತುಗಳ ಬಲಗಡೆ ನಿಂತಳು. ನನ್ನ ಕೈಯಲ್ಲಿದ್ದ ಕೂಸು ಅವಳ ಕಡೆ ಕೈ ಚಾಚಿತು.

ಅವಳು ಮನೆಯೊಳಗೆ ಯಾರನ್ನೋ ಕರೆಯುವ ಹಾಗೆ, ‘ಹಾ’ ಎಂದಳು.

ಕೆಂಪು ಎತ್ತು ಕಿವಿ ಎತ್ತಿತು. ಆಮೇಲೆ ಎರಡೂ, ಕುತ್ತಿಗೆ ಇಳಿಬಿಟ್ಟುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಅವಳ ಕಡೆ ತಿರುಗಿ ಬಂದವು. ಪಟ್ಟೆ ಎತ್ತಿನ ಉಸಿರು ಅವಳ ತೋಳಿನ ಬಟ್ಟೆಯನ್ನು ಅಲುಗಿಸುವಷ್ಟು ಹತ್ತಿರ ಬಂದು ನಿಂತವು. ‘ಜೀ’ ಎಂದಳು, ದೂರ ಸರಿದವು. ಮತ್ತೆ ‘ಹಾ’ ಎಂದಳು, ಬಂದವು.

‘ಸಾಕು ತಾಯಿ,’ ಎಂದ ಸ್ಕ್ವೈರ್. ‘ನಿನ್ನ ಎತ್ತು ತಗೊಂಡು ಹೋಗು.’

ನಾನು ಕೂಸನ್ನು ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟೆ.

ಆಶ್ಚರ್ಯವೆಂದರೆ ಹೈರಮ್ ಕೂಡ ಹಾಗೇ ಕೂತಿದ್ದ, ನೆಲದ ಮೇಲೆ, ಟೋಪಿ ತೆಗೆದು.

‘ಅಂದ್ರೆ ತಪ್ಪು ನಂದಲ್ಲ,’ ಎಂದ. ‘ಚಳಿಗಾಲ ಪೂರ್ತಿ ನನ್ನ ಹೆಂಡ್ತಿ, ನೆರೆಯೋರು, ಎಲ್ಲ ಆಡ್ಕೊಂಡು ನಗ್ತಿದ್ರು. ಎತ್ತು ಹೊಡೆಯೋದೇ ಮರೆತುಹೋಯ್ತಾ, ತಲೆ ಕೆಟ್ಟಿದೆಯಾ ಅಂತ ನನಗೇ ಭಯ ಆಗಿತ್ತು. ನನ್ನಪ್ಪನಿಗೆ ಕೊನೆಗಾಲದಲ್ಲಿ ಹಾಗಾಗಿತ್ತು.’ ಟೋಪಿಯ ಧೂಳು ಕೊಡವಿ, ‘ಕುದುರೆ ಹೋಯ್ತು, ಬಂದೂಕು ಹೋಯ್ತು. ತಲೆ ಉಳೀತು,’ ಎಂದ.

‘ಉಳಿಸ್ಕೊಳ್ಳೋ ಅಂಥದ್ದೇನಲ್ಲ ಬಿಡು,’ ಎಂದ ಓರಿನ್. ಹೈರಮ್ ತಾನೇ ನಕ್ಕ.

ಡೆಲ್ಫಾ ನೊಗದ ಮೇಲೆ ಕೈಯಿಟ್ಟುಕೊಂಡು ಅವನನ್ನು ನೋಡುತ್ತಿದ್ದಳು. ‘ನನ್ನ ನೆಲ ಆದ ಮೇಲೆ ನಿಮ್ಮ ನೆಲಕ್ಕೂ ಎತ್ತು ಕೊಡ್ತೀನಿ ಅಣ್ಣ. ನೀವು ಬಂದು ನನಗೆ ನೇಗಿಲು ಹಿಡಿಯೋದು ಕಲಿಸಿ. ಎತ್ತಿಗೆ ಮಾತಾಡೋದು ನಾನು ಕಲಿಸ್ತೀನಿ,’ ಎಂದಳು.

ಹಾಗೇ ಆಯಿತು. ಆ ವಸಂತವೆಲ್ಲ ಹೈರಮ್ ಬಲಗಡೆ ನಿಂತು, ಎಡಗೈಯಲ್ಲಿ ಕೋಲು ಹಿಡಿದು, ಬಾಯಿ ತಪ್ಪಿದಾಗಲೆಲ್ಲ ತನ್ನನ್ನೇ ಬೈದುಕೊಳ್ಳುತ್ತ ಉತ್ತ. ಮುಂದೆ ಅವನು ಬೇರೆ ಎತ್ತು ತಂದಾಗ ಅಭ್ಯಾಸಬಲದಿಂದ ಅವುಗಳ ಬಲಗಡೆಗೇ ಹೋಗಿ ನಿಂತನಂತೆ. ಅವು ಅವನನ್ನು ಬೇಲಿಯೊಳಕ್ಕೆ ಎಳೆದುಕೊಂಡು ಹೋದವು ಎಂದು ಅವನ ಹೆಂಡತಿ ನನಗೆ ಹೇಳುವಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಲಿಂಡ್ ವಿಷಯ ಹೇಳಬೇಕು. ನ್ಯಾಯ ಮುಗಿದು ಜನ ದೋಣಿಗೆ ಹೋದ ಮೇಲೂ ಅವನು ತನ್ನ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಊಟಕ್ಕೆ ಕರೆಯಲು ಹೋದೆ; ಉಪ್ಪುಹಂದಿ ಹುರಿದು, ಜೋಳದ ರೊಟ್ಟಿ ಸುಟ್ಟಿದ್ದೆ.

‘ಕಂಡದ್ದನ್ನೇ ಬರೆದಿದ್ದೆ ಅಮ್ಮ,’ ಎಂದ.

‘ಹೌದು. ಬನ್ನಿ, ರೊಟ್ಟಿ ಆರುತ್ತೆ.’

‘ನಾಳೆ ಕೆರೆಯೋಣ ಅಂತ ಅಲಗು ಕೂಡ ಮಸೆದಿಟ್ಟಿದ್ದೆ.’

‘ಕೊಡಿ, ಆಲೂಗಡ್ಡೆಗೆ ಆಗುತ್ತೆ.’

ಅವನು ನಿಜವಾಗಿಯೂ ಅದನ್ನು ಕೊಟ್ಟ. ಬಹಳ ವರ್ಷ ಅದು ನನ್ನ ಅಡುಗೆಮನೆಯಲ್ಲಿತ್ತು.

ಎರಡು ದಿನ ಬಿಟ್ಟು ಹಡಗು ಮೇಲಿನಿಂದ ತಿರುಗಿ ಬಂತು. ಅದು ಕೂಗಿದಾಗ ಡೆಲ್ಫಾ ಅಂಗಳದಲ್ಲಿ ತನ್ನ ಬಂಡಿಗೆ ಎತ್ತು ಹೂಡುತ್ತಿದ್ದಳು. ಹಗ್ಗ ಬಿಗಿದ ಪೆಟ್ಟಿಗೆ ಬಂಡಿಯೊಳಗೆ ಹೋಗಿತ್ತು. ಹಡಗಿನವನು ಕೆಳಕ್ಕೆ ಬರುವ ಹೆಂಗಸು ಎಲ್ಲಿ ಎಂದು ಕೂಗಿ ಕೇಳಿದ. ಓರಿನ್ ಎರಡೂ ಕೈ ಬೀಸಿ ಇಲ್ಲ ಎಂದ. ಅಷ್ಟಕ್ಕೇ ಸುಮ್ಮನಾಗದೆ, ‘ಅವರು ಉಳುಮೆಗೆ ಹೊರಟರು’ ಎಂದೂ ಕೂಗಿ ಹೇಳಿದ.

ಲಿಂಡ್ ಚಿತ್ರಕ್ಕೆ ಕಂಬಳಿ ಸುತ್ತುವ ಮೊದಲು ಡೆಲ್ಫಾಳನ್ನು ಕರೆದ. ಗಿರಾಕಿ ಬೇಡವೆಂದರೆ ಬೇರೆ ಗಿರಾಕಿ ಹುಡುಕುತ್ತೇನೆ, ಇವನನ್ನು ಮಾತ್ರ ಈ ಬದಿಯಿಂದ ಸರಿಸುವುದಿಲ್ಲ ಎಂದು ಅವಳಿಗೆ ಹೇಳಿದ. ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೊನೆಯ ಸಲ ಚೆನ್ನಾಗಿ ನೋಡಿದಳು.

‘ಬಾಯಿ ತೆರೆದಿದೆ,’ ಎಂದಳು. ‘ಏರು ಹತ್ತಿದ ಮೇಲೆ ದಾರಿ ಬಲಕ್ಕೆ ತಿರುಗುತ್ತಲ್ಲ. ಹಾ ಅಂತಿದ್ದಾನೆ.’

‘ಆಗ ಅದನ್ನೇ ಅಂತಿದ್ದ,’ ಎಂದ ಲಿಂಡ್. ‘ನನಗೆ ಕೇಳಿಸಿತ್ತು. ಅರ್ಥ ಆಗಿರಲಿಲ್ಲ.’

ಹಡಗು ಅವನನ್ನು ಹತ್ತಿಸಿಕೊಂಡು ಹೋಯಿತು. ಓರಿನ್ ದೋಣಿಯಲ್ಲಿ ಡೆಲ್ಫಾಳ ಬಂಡಿಯನ್ನು ಆಚೆ ದಡಕ್ಕೆ ದಾಟಿಸಿದ. ನಾನು ಈಚೆ ದಡದಲ್ಲಿ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಎತ್ತುಗಳ ಬಲಗಡೆ ನಡೆದಳು. ಏರು ಹತ್ತಿ, ದಾರಿ ತಿರುಗುವಲ್ಲಿ ಕೋಲೆತ್ತಿದಳು. ಅಷ್ಟು ದೂರಕ್ಕೆ ಧ್ವನಿ ಕೇಳಲಿಲ್ಲ. ಎತ್ತುಗಳು ಅವಳ ಕಡೆಗೆ ತಿರುಗಿದ್ದು ಕಾಣಿಸಿತು.